ಕಫದಲ್ಲಿ ಟಿ.ಬಿ. ಇಲ್ಲ, ಮುಂದೇನು?



ದತ್ತಿ ಉಪನ್ಯಾಸಕ್ಕೆ ಬಂದವರು ದಾನಿಗಳ ಗುಣಗಾನದಿಂದ ಶುರುಮಾಡುವುದು ವಾಡಿಕೆ. ಈ ದತ್ತಿ ಇಟ್ಟ ಮನೆಯವರು ತಮ್ಮ ಹೆಸರೆತ್ತಕೂಡದೆಂದು ಮೊದಲೇ ಷರತ್ತು ಹಾಕಿದ್ದಾರೆ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಆರೋಗ್ಯ ನೀತಿಯಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಈಗಿರುವುದಕ್ಕಿಂತ ಮೇಲಿನ ಸ್ಥಾನ ಸಿಗಬೇಕು ಎಂಬುದು ನನ್ನ ವಾದ. ಅದಕ್ಕೆ ಹೊಸ ಯೋಜನೆ, ಹೊಸ ಲಾಂಛನ, ಹೊಸ ನಿರ್ದೇಶನಾಲಯ ಬೇಕಿಲ್ಲ. ಟಿ.ಬಿ. ಕಾರ್ಯಕ್ರಮದೊಳಗೆ ಒಂದು ನಿಯಮ ಸೇರಿಸಿದರೆ ಅರ್ಧ ಕೆಲಸ ಆದಂತೆ. ಎದೆರೋಗಗಳ ವೈದ್ಯನಾಗಿ ಸರ್ಕಾರಿ ಸೇವೆಯಲ್ಲಿದ್ದವನ ಮಾತಿದು, ನೀತಿಪಂಡಿತನದ್ದಲ್ಲ. ಈ ಮಾತನ್ನು ಆಡಲು ತುಮಕೂರಿಗಿಂತ ತಕ್ಕ ಊರು ಇನ್ನೊಂದಿಲ್ಲ.

ಯಾಕೆಂದರೆ, ಕೆಮ್ಮಿನ ಬಗ್ಗೆ ಇಡೀ ದೇಶಕ್ಕೆ ಪಾಠ ಹೇಳಿದ ಜಿಲ್ಲೆ ಇದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960ರಲ್ಲಿ ಉದ್ಘಾಟನೆಯಾದ ಹೊಸದರಲ್ಲೇ ಅದರ ತಂಡಗಳು ಈ ಜಿಲ್ಲೆಯ ಹಳ್ಳಿಗಳಿಗೆ ಬಂದವು. ಯಾರ ಎದೆಯಲ್ಲಿ ಕ್ಷಯವಿದೆ ಎಂದು ಎಕ್ಸ್-ರೇ ತೆಗೆದು, ಕಫ ಪರೀಕ್ಷಿಸಿ ಲೆಕ್ಕ ಹಾಕಿದವು. ಆಗ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು ಇನ್ನೊಂದು ಪ್ರಶ್ನೆ ಎತ್ತಿದರು. ರೋಗ ಇದೆಯೆಂದು ಈಗ ನಮಗೆ ಗೊತ್ತಾಯಿತು, ಆದರೆ ಆ ಮನುಷ್ಯನಿಗೆ ಮೊದಲೇ ಗೊತ್ತಿತ್ತೆ? ಹಳ್ಳಿಯವರು ಅಜ್ಞಾನಿಗಳು, ಕೆಮ್ಮನ್ನು ಲೆಕ್ಕಿಸದೆ ಕೂತಿರುತ್ತಾರೆ ಎಂಬುದು ಆ ಕಾಲದ ದೊಡ್ಡವರ ನಂಬಿಕೆ. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಇವರ ಅಧ್ಯಯನ ಆ ನಂಬಿಕೆಯನ್ನು ಬುಡಸಮೇತ ಕಿತ್ತಿತು. ರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ಕೆಮ್ಮಿನ ಚಿಂತೆ ಇತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿಯೂ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟ್ಲಿ ಕೆಮ್ಮಿನ ಔಷಧಿ.

ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಕೈಗೆ ಬಂದಿದ್ದ ಈ ಅರಿವಿನ ಮೇಲೆಯೇ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ತಳಪಾಯ ನಿಂತಿತು. ರೋಗಿಯನ್ನು ಹುಡುಕುತ್ತ ಊರೂರು ಅಲೆಯುವ ಮೊದಲು, ಕೆಮ್ಮುತ್ತ ನಮ್ಮ ಬಾಗಿಲಿಗೇ ಬಂದವನ ಕಫವನ್ನು ಪರೀಕ್ಷಿಸಿ ಎಂಬುದು ಅದರ ತಿರುಳು. ಇಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡು ವಾರ ದಾಟಿದ ಕೆಮ್ಮಿಗೆ ಕಫದ ಡಬ್ಬಿ ಕೊಡುತ್ತಾರಲ್ಲ, ಅದರ ಬೇರು ಈ ಜಿಲ್ಲೆಯಲ್ಲಿದೆ.

ಈಗ ಅದೇ ಬಾಗಿಲಿಗೆ ಐವತ್ತೆಂಟು ವರ್ಷದ ಒಬ್ಬರು ಬಂದಿದ್ದಾರೆಂದು ಇಟ್ಟುಕೊಳ್ಳಿ. ಕಲ್ಲುಕ್ವಾರಿಯಲ್ಲಿ ದುಡಿದವರು, ಬೀಡಿ ಸೇದುವವರು. ತಿಂಗಳಿಂದ ಕೆಮ್ಮು, ತೂಕ ಇಳಿದಿದೆ, ಕಫದಲ್ಲಿ ಒಂದೆರಡು ಸಲ ರಕ್ತದ ಎಳೆ. ಕಫದಲ್ಲಿ ಕ್ಷಯದ ಕ್ರಿಮಿ ಹುಡುಕುವ ಟ್ರೂನಾಟ್ ಪರೀಕ್ಷೆ ಮಾಡಿದರೆ ಟಿ.ಬಿ. ಇಲ್ಲ. ಎಕ್ಸ್-ರೇಯಲ್ಲಿ ಬಲಗಡೆ ಮೇಲ್ಭಾಗದಲ್ಲಿ ಒಂದು ಕಲೆ. ವೈದ್ಯರು ಏನು ಮಾಡುತ್ತಾರೆ? ನಮ್ಮ ದೇಶದಲ್ಲಿ ಅಂಥ ಕಲೆ ಟಿ.ಬಿ.ಯದೇ ಆಗಿರುವ ಸಂಭವ ಹೆಚ್ಚು. ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲು ಭಾಗ ನಮ್ಮವರು, ವರ್ಷಕ್ಕೆ 25 ಲಕ್ಷಕ್ಕೂ ಹೆಚ್ಚು ಹೊಸ ಹೆಸರುಗಳು ಸರ್ಕಾರದ ನಿಕ್ಷಯ್ ಜಾಲತಾಣಕ್ಕೆ ಸೇರುತ್ತವೆ. ಕಫದಲ್ಲಿ ಕ್ರಿಮಿ ಸಿಗದಿದ್ದರೂ ಲಕ್ಷಣ ನೋಡಿ ಟಿ.ಬಿ. ಎಂದು ತೀರ್ಮಾನಿಸಲು ನಿಯಮದಲ್ಲಿ ಅವಕಾಶವಿದೆ, ಇರಲೂಬೇಕು. ಹಾಗಾಗಿ ಆರು ತಿಂಗಳ ಮಾತ್ರೆ ಶುರು. ಮೊದಲ ತಿಂಗಳಲ್ಲಿ ಸ್ವಲ್ಪ ವಾಸಿಯಾದಂತೆಯೂ ಕಾಣುತ್ತದೆ. ಗಡ್ಡೆ ಅಡ್ಡಗಟ್ಟಿದ ಶ್ವಾಸನಾಳದ ಹಿಂದೆ ಕೀವುಗಟ್ಟಿದ್ದ ಸೋಂಕು ತಗ್ಗಿದರೆ ಜ್ವರ ಬಿಡುತ್ತದೆ, ಹಸಿವು ಮರಳುತ್ತದೆ. ಎಲ್ಲರಿಗೂ ಸಮಾಧಾನ. ನಾಲ್ಕನೆಯ ತಿಂಗಳಲ್ಲಿ ಧ್ವನಿ ಒಡೆದು, ಬೆನ್ನುಮೂಳೆ ನೋಯಲು ಶುರುವಾದಾಗ ಸಿ.ಟಿ. ಸ್ಕ್ಯಾನಿಗೆ ಬರೆಯುತ್ತಾರೆ. ಅಷ್ಟರಲ್ಲಿ ರೋಗ ನಾಲ್ಕನೆಯ ಹಂತ.

ಬೆಂಗಳೂರಿನ ನಿಮ್ಹಾನ್ಸ್ ಸುತ್ತಮುತ್ತ ಓಡಾಡಿದವರಿಗೆ ಗೊತ್ತು: ಕ್ಷಯರೋಗದ ಹಳೆಯ ಸ್ಯಾನಟೋರಿಯಂ ಬೆಳೆದು ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಾಗಿದೆ, ಅದಕ್ಕೂ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೂ ಹೆಚ್ಚು ದೂರವಿಲ್ಲ. ಕಾಲ್ನಡಿಗೆಯ ಆ ದೂರವನ್ನು ದಾಟಲು ನಮ್ಮ ತಾಲ್ಲೂಕಿನ ರೋಗಿಗೆ ಎಷ್ಟೋ ಸಲ ತಿಂಗಳುಗಳೇ ಹಿಡಿಯುತ್ತವೆ.

ಇದು ಒಬ್ಬ ವೈದ್ಯರ ಅಸಡ್ಡೆಯಲ್ಲ. ದಿನಕ್ಕೆ ನೂರು ಜನರನ್ನು ನೋಡುವ ವೈದ್ಯಾಧಿಕಾರಿಯ ಮುಂದೆ ಟಿ.ಬಿ.ಗೆ ಬೇಕಾದ್ದೆಲ್ಲ ಇದೆ: ಡಬ್ಬಿ, ಯಂತ್ರ, ಮಾತ್ರೆ, ಮೇಲ್ವಿಚಾರಕರು, ತಿಂಗಳಿಗೆ ಸಾವಿರ ರೂಪಾಯಿಯ ನಿಕ್ಷಯ್ ಪೋಷಣ್ ಸಹಾಯಧನ, ಗುರಿ, ವರದಿ. ಕ್ಯಾನ್ಸರ್ ಇರಬಹುದೆಂಬ ಗುಮಾನಿಗೆ ಒಂದು ಚೀಟಿಯೂ ಇಲ್ಲ. ಇಷ್ಟೆಲ್ಲ ಸಿದ್ಧವಿರುವ ಕಡೆಗೇ ರೋಗಿಯ ಕಡತ ಹರಿದುಹೋಗುತ್ತದೆ.

ಸ್ವಲ್ಪ ಅಂಕಿಗಳನ್ನು ಸಹಿಸಿಕೊಳ್ಳಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ವರ್ಷ ಸುಮಾರು 25 ಲಕ್ಷ ಜನರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು, 18 ಲಕ್ಷ ಜನ ಅದರಿಂದ ಸತ್ತರು. ಬೇರಾವ ಕ್ಯಾನ್ಸರೂ ಇಷ್ಟು ಜನರನ್ನು ಕೊಲ್ಲುವುದಿಲ್ಲ. ಭಾರತದಲ್ಲಿ ಹೊಸ ರೋಗಿಗಳು ಸುಮಾರು 81 ಸಾವಿರ, ಸಾವು ಸುಮಾರು 75 ಸಾವಿರ. ಈ ಎರಡು ಸಂಖ್ಯೆಗಳ ನಡುವೆ ಇರುವ ಕಿರಿದಾದ ಸಂದಿಯನ್ನು ನೋಡಿ. 2010ರಿಂದ 2014ರವರೆಗಿನ ರೋಗಿಗಳನ್ನು ಹೋಲಿಸಿದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ ಐದು ವರ್ಷ ಬದುಕುಳಿದವರು ಜಪಾನಿನಲ್ಲಿ ನೂರಕ್ಕೆ ಮೂವತ್ಮೂರು, ನಮ್ಮಲ್ಲಿ ನಾಲ್ಕರ ಆಸುಪಾಸು. ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ನಗರದ ಗಂಡಸರಲ್ಲಿ ಮೊದಲ ಸ್ಥಾನ ಈ ಕ್ಯಾನ್ಸರಿನದೇ ಎಂದು ರಾಷ್ಟ್ರೀಯ ನೋಂದಣಿಯ 2020ರ ವರದಿ ಹೇಳಿತು.

ಇಷ್ಟಿದ್ದರೂ ಆದ್ಯತೆ ಯಾಕಿಲ್ಲ? ಮೂವತ್ತು ದಾಟಿದವರಿಗೆ ಸರ್ಕಾರ ಮಾಡುವ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠ ಈ ಮೂರು ಇವೆ. ಅವು ಇರಬೇಕಾದವೇ. ಶ್ವಾಸಕೋಶ ಅಲ್ಲಿಲ್ಲದಿರಲು ಒಂದು ನ್ಯಾಯವಾದ ಕಾರಣವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ನ್ಯಾಯವಲ್ಲದ ಕಾರಣವೂ ಇದೆ. ಸ್ತನ ಕ್ಯಾನ್ಸರಿನಿಂದ ಗುಣವಾದವರು ವೇದಿಕೆ ಹತ್ತಿ ಮಾತಾಡುತ್ತಾರೆ, ಗುಲಾಬಿ ರಿಬ್ಬನ್ ಕಟ್ಟಿಕೊಂಡು ನಡೆಯುತ್ತಾರೆ, ಶಾಸಕರ ಮನೆ ಬಾಗಿಲು ತಟ್ಟುತ್ತಾರೆ. ಈ ಕ್ಯಾನ್ಸರಿನಲ್ಲಿ ಹಾಗೆ ಬಂದು ಕೇಳಲು ಉಳಿಯುವವರೇ ಕಡಿಮೆ. ಉಳಿದ ಮನೆಯವರೂ ತಲೆತಗ್ಗಿಸಿರುತ್ತಾರೆ, ಯಾಕೆಂದರೆ ಊರು ಆಗಲೇ ತೀರ್ಪು ಕೊಟ್ಟಿರುತ್ತದೆ: ಸೇದಿದ, ಬಂತು, ಮಾಡಿದ್ದುಣ್ಣೋ ಮಹರಾಯ. ಯಾವ ಸರ್ಕಾರಿ ಆದೇಶದಲ್ಲೂ ಈ ಗಾದೆ ಅಚ್ಚಾಗಿಲ್ಲ. ಆದರೂ ಹಣ ಹಂಚುವಾಗ ಅದು ಕೆಲಸ ಮಾಡುತ್ತದೆಂಬುದರಲ್ಲಿ ನನಗೆ ಅನುಮಾನವಿಲ್ಲ. ಹೃದಯಾಘಾತಕ್ಕೂ ಧೂಮಪಾನ ದೊಡ್ಡ ಕಾರಣ. ಎದೆನೋವಿನಿಂದ ಬಂದವನನ್ನು ನಾವು ಮೊದಲು ಬೈಯುವುದಿಲ್ಲ, ಇಸಿಜಿ ತೆಗೆಯುತ್ತೇವೆ.

ತಂಬಾಕಿನ ಪಾತ್ರದ ಬಗ್ಗೆ ತಕರಾರಿಲ್ಲ. ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ 1950ರಲ್ಲಿ ಅಧ್ಯಯನ ಪ್ರಕಟಿಸಿದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರಿಗೆ ಮೊದಲು ಗುಮಾನಿ ಇದ್ದದ್ದು ರಸ್ತೆಗೆ ಹಾಕುವ ಟಾರಿನ ಮೇಲೆ, ಮೋಟಾರಿನ ಹೊಗೆಯ ಮೇಲೆ. ಲೆಕ್ಕ ಮುಗಿಯುವ ಹೊತ್ತಿಗೆ ಡಾಲ್ ತಾವೇ ಸಿಗರೇಟು ಬಿಟ್ಟರು. ಆದರೆ ನಮ್ಮ ಎದೆರೋಗ ವಿಭಾಗಗಳಲ್ಲಿ ಒಂದು ದಿನವೂ ಸೇದದ ಹೆಂಗಸರು ಈ ಕಾಯಿಲೆ ಹೊತ್ತು ಬರುವುದು ಅಪರೂಪವೇನಲ್ಲ. ಅಡಿನೋಕಾರ್ಸಿನೋಮಾ ಎಂಬ ಬಗೆ ಇವರಲ್ಲಿ ಹೆಚ್ಚು. ಗಾದೆ ಹೇಳಿ ಕೈತೊಳೆದುಕೊಂಡರೆ ಇವರಿಗೆ ಏನು ಹೇಳುತ್ತೀರಿ?

ಇಲ್ಲಿ ಚೀನಾದ ಯುನ್ನಾನ್ ಪ್ರಾಂತದ ಷ್ವಾನ್‌ವೇ ಎಂಬ ಕೌಂಟಿಯ ಕಥೆ ಹೇಳಲೇಬೇಕು. ಅಲ್ಲಿನ ಹೆಂಗಸರು ಸೇದುವವರಲ್ಲ, ಆದರೂ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುತ್ತಿದ್ದವರ ಪ್ರಮಾಣ ಚೀನಾದಲ್ಲೇ ಅತಿ ಹೆಚ್ಚಿನದರಲ್ಲಿ ಒಂದು. ಕಾರಣ, ಹೊಗೆಗೂಡಿಲ್ಲದ ಮನೆಯೊಳಗೆ ಉರಿಸುತ್ತಿದ್ದ, ಹೊಗೆ ಹೆಚ್ಚು ಕಾರುವ ಕಲ್ಲಿದ್ದಲು. ಒಲೆಗಳಿಗೆ ಚಿಮಣಿ ಹಾಕಿಸಿದ ಮನೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗದ ಅಪಾಯ ಶೇ 40ಕ್ಕೂ ಹೆಚ್ಚು ಇಳಿದಿತ್ತು. ಚಿಮಣಿಗೆ ಕ್ಯಾನ್ಸರ್ ತಡೆಯುವ ಶಕ್ತಿ! ನಮ್ಮದು ಕಲ್ಲಿದ್ದಲಲ್ಲ, ಸೌದೆ. ಸೌದೆಯ ಹೊಗೆಯ ಮೇಲಿನ ಸಾಕ್ಷ್ಯ ಅಷ್ಟು ಗಟ್ಟಿಯಲ್ಲ. ಅದು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮಾಡಿದ ಪಟ್ಟಿಯಲ್ಲಿದೆ. ಆದರೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹುಟ್ಟುಹಾಕಿದ ‘ಅಸ್ತ್ರ’ ಕೇಂದ್ರದಿಂದ ಬಂದ ಅಸ್ತ್ರ ಒಲೆಯನ್ನು ನೆನೆದರೆ ನನಗೆ ಹೆಮ್ಮೆ. ಸೌದೆ ಉಳಿಸಲು, ಕಣ್ಣುರಿ ತಪ್ಪಿಸಲು ಕಟ್ಟಿದ ಒಲೆ ಅದು. ಅದರ ಚಿಮಣಿ ಎದೆಯನ್ನೂ ಕಾಯುತ್ತಿತ್ತು ಎಂದು ಯಾರೂ ಡಂಗುರ ಹೊಡೆಯಲಿಲ್ಲ. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯ ಸಿಲಿಂಡರು ಮನೆಯ ಮೂಲೆಯಲ್ಲಿದ್ದರೂ ನೀರು ಕಾಯಿಸುವುದು, ಮುದ್ದೆ ಮಾಡುವುದು ಇನ್ನೂ ಎಷ್ಟೋ ಕಡೆ ಸೌದೆಯಲ್ಲೇ. ಸಿಲಿಂಡರಿನ ಬೆಲೆಯೂ ಕ್ಯಾನ್ಸರ್ ನೀತಿಯ ಭಾಗ ಎಂದರೆ ಹಣಕಾಸು ಇಲಾಖೆಯವರು ನಗಬಹುದು, ನಗಲಿ.

ಇನ್ನು ಕೆಲಸದ ಜಾಗ. ಕಲ್ಲು ಒಡೆಯುವಲ್ಲಿ ಏಳುವ ಸಿಲಿಕಾ ಧೂಳು, ಡೀಸೆಲ್ ಹೊಗೆ, ಆಸ್ಬೆಸ್ಟಾಸ್ ಇವು ಮೂರೂ ಅನುಮಾನಕ್ಕೆಡೆಯಿಲ್ಲದ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿವೆ. ಹೊರಗಿನ ಮಲಿನ ಗಾಳಿಯೇ 2013ರಲ್ಲಿ ಆ ಪಟ್ಟಿ ಸೇರಿತು. ಅರವತ್ತಕ್ಕೂ ಹೆಚ್ಚು ದೇಶಗಳು ನಿಷೇಧಿಸಿದ ಆಸ್ಬೆಸ್ಟಾಸನ್ನು ನಾವು ಆಮದು ಮಾಡಿ ‘ಸಿಮೆಂಟ್ ಶೀಟು’ ಎಂಬ ಸೌಮ್ಯ ಹೆಸರಿನಲ್ಲಿ ಹೊದಿಸಿಕೊಳ್ಳುತ್ತೇವೆ. ಶೀಟಿನ ಕೆಳಗೆ ಮಲಗಿದವರು ಗಾಬರಿಯಾಗಬೇಕಿಲ್ಲ. ಅದನ್ನು ಕೊಯ್ಯುವವರು, ಒಡೆಯುವವರು, ಕಾರ್ಖಾನೆಯಲ್ಲಿ ನಾರು ಉಸಿರಾಡಿದವರು ಅಪಾಯದಲ್ಲಿರುವವರು. ಕಾರ್ಮಿಕರ ಆರೋಗ್ಯ ದಾಖಲೆಯನ್ನು ನಲವತ್ತು ವರ್ಷ ಕಾಪಿಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು, ಯಾಕೆಂದರೆ ಈ ಕಾಯಿಲೆ ಬರಲು ಅಷ್ಟು ಕಾಲ ಹಿಡಿಯುತ್ತದೆ. ಆದರೆ ನಮ್ಮ ಹೊರರೋಗಿ ಚೀಟಿಯಲ್ಲಿ ವಯಸ್ಸಿದೆ, ಲಿಂಗವಿದೆ, ಊರಿದೆ. ‘ಮೂವತ್ತು ವರ್ಷ ಏನು ಕೆಲಸ ಮಾಡಿದಿರಿ’ ಎಂದು ಕೇಳುವ ಜಾಗ ಸಾಮಾನ್ಯವಾಗಿ ಇರುವುದಿಲ್ಲ.

ಆಗಲೇ ಹೇಳಿದ ನ್ಯಾಯವಾದ ಕಾರಣಕ್ಕೆ ಬರುತ್ತೇನೆ. ಅಮೆರಿಕದಲ್ಲಿ 53 ಸಾವಿರ ಧೂಮಪಾನಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನನ್ನು ವರ್ಷಕ್ಕೊಮ್ಮೆ ಮಾಡಿದಾಗ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ 20ರಷ್ಟು ಇಳಿಯಿತು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ದೇಶಗಳ ಪ್ರಯೋಗ 2020ರಲ್ಲಿ ಅದನ್ನು ಗಟ್ಟಿಮಾಡಿತು. ಇಂಗ್ಲೆಂಡ್ 2023ರಲ್ಲಿ ಧೂಮಪಾನಿಗಳಿಗಾಗಿ ರಾಷ್ಟ್ರೀಯ ತಪಾಸಣೆ ಘೋಷಿಸಿತು. ತೈವಾನ್ 2022ರಲ್ಲಿ ಶುರುಮಾಡಿದ್ದು ಇನ್ನೂ ಕುತೂಹಲದ್ದು: ಸೇದದಿದ್ದರೂ ಮನೆಯಲ್ಲಿ ಈ ಕಾಯಿಲೆ ಬಂದವರಿದ್ದರೆ ಅಂಥವರನ್ನೂ ಅದು ತಪಾಸಣೆಗೆ ಸೇರಿಸಿಕೊಂಡಿತು. ಹಾಗಾದರೆ ನಾವೂ ಎಲ್ಲ ಬೀಡಿ ಸೇದುವವರಿಗೂ ಸ್ಕ್ಯಾನ್ ಮಾಡಿಬಿಡೋಣವೆ?

ಬೇಡ ಎನ್ನುವವರಲ್ಲಿ ನಾನೂ ಒಬ್ಬ. ಅಮೆರಿಕದ ಆ ಪ್ರಯೋಗದಲ್ಲೇ ಸ್ಕ್ಯಾನಿನಲ್ಲಿ ಕಂಡ ಅನುಮಾನದ ಕಲೆಗಳಲ್ಲಿ ನೂರಕ್ಕೆ 96 ಕ್ಯಾನ್ಸರ್ ಆಗಿರಲಿಲ್ಲ. ಅದು ಟಿ.ಬಿ. ಅಪರೂಪವಾದ ದೇಶ. ನಮ್ಮಲ್ಲಿ ಹಳೆಯ ಕ್ಷಯದ ಗಾಯದ ಗುರುತುಗಳು ಅದೆಷ್ಟು ಎದೆಗಳಲ್ಲಿವೆಯೋ! ಆ ಒಂದೊಂದು ಗುರುತಿನ ಬೆನ್ನುಹತ್ತಿ ಸೂಜಿ ಚುಚ್ಚುತ್ತ ಹೋದರೆ ಆರೋಗ್ಯವಂತರು ಹಾಸಿಗೆ ಹಿಡಿಯುತ್ತಾರೆ, ನಿಜವಾದ ರೋಗಿಗೆ ಸರದಿ ಸಿಗುವುದಿಲ್ಲ. ಇನ್ನು ಬರೀ ಎಕ್ಸ್-ರೇಯಿಂದ ಊರಿಗೆ ಊರನ್ನೇ ತಪಾಸಣೆ ಮಾಡಿದರೆ ಸಾವು ತಗ್ಗುವುದಿಲ್ಲ ಎಂಬುದನ್ನೂ ದೊಡ್ಡ ಪ್ರಯೋಗಗಳು ತೋರಿಸಿವೆ. ಕ್ಯಾನ್ಸರ್ ತಪಾಸಣೆಯೆಂದು ಬಸ್ ನಿಲ್ಲಿಸಿ ಎಕ್ಸ್-ರೇ ಹೊಡೆದು ಫೋಟೋ ತೆಗೆಸಿಕೊಳ್ಳುವ ಶಿಬಿರಗಳ ಬಗ್ಗೆ ನನಗೆ ಗೌರವವಿಲ್ಲ.

ನಾನು ಕೇಳುವುದು ಬೇರೆ. ಕಾಯಿಲೆ ಇಲ್ಲದವರನ್ನು ಹುಡುಕುವುದಲ್ಲ. ಕೆಮ್ಮುತ್ತ ತಾನಾಗಿಯೇ ಬಂದು, ಕಫ ಕೊಟ್ಟು, ಎಕ್ಸ್-ರೇ ತೆಗೆಸಿಕೊಂಡು, ಕಲೆ ಇರುವುದು ಗೊತ್ತಾಗಿ, ಟಿ.ಬಿ. ಕ್ರಿಮಿ ಸಿಗದೆ ನಿಂತಿರುವವನನ್ನು ಕೈಬಿಡದಿರುವುದು. ತುಮಕೂರಿನ ಆ ಹಳೆಯ ಅಧ್ಯಯನದ ತರ್ಕವೇ ಇದು. ನಿಯಮ ಹೀಗಿರಲಿ: ನಲವತ್ತು ದಾಟಿದವರು, ಟ್ರೂನಾಟ್‌ನಲ್ಲಿ ಕ್ಷಯ ಕಂಡಿಲ್ಲ, ಎಕ್ಸ್-ರೇಯಲ್ಲಿ ಕಲೆ ಇದೆ ಎಂದಾದರೆ, ಸಾಮಾನ್ಯ ಆ್ಯಂಟಿಬಯಾಟಿಕ್ ಕೊಟ್ಟು ಎರಡು ವಾರದ ಮೇಲೆ ಮತ್ತೊಮ್ಮೆ ನೋಡಿ. ಕಲೆ ಹಾಗೇ ಇದ್ದರೆ ಟಿ.ಬಿ. ಮಾತ್ರೆ ಬರೆಯುವ ದಿನವೇ ಸಿ.ಟಿ.ಗೂ ಬರೆಯಿರಿ. ಎರಡನೆಯ ತಿಂಗಳ ಕೊನೆಗೆ ತೂಕ ಏರದಿದ್ದರೆ, ಕಲೆ ಕರಗದಿದ್ದರೆ ಕಡ್ಡಾಯವಾಗಿ ಬ್ರಾಂಕೋಸ್ಕೋಪಿಯೋ ಬಯಾಪ್ಸಿಯೋ ಆಗಲಿ. ಕಫದಲ್ಲಿ ರಕ್ತ, ಒಡೆದ ಧ್ವನಿ, ಊದಿದ ಮುಖ, ಬೆರಳ ತುದಿ ದಪ್ಪಗಾಗಿ ಬಾಗಿದ ಉಗುರು ಕಂಡರೆ ಈ ಯಾವ ಗಡುವಿಗೂ ಕಾಯಬೇಡಿ. ಒಂದೇ ಎದೆಯಲ್ಲಿ ಟಿ.ಬಿ.ಯೂ ಕ್ಯಾನ್ಸರೂ ಒಟ್ಟಿಗೆ ಇರುವುದುಂಟು ಎಂಬುದನ್ನೂ ಮರೆಯಬೇಡಿ.

ಇದರ ಹೊಣೆ ಯಾರದು? ನಿಕ್ಷಯ್‌ನಲ್ಲಿ ಪ್ರತಿ ರೋಗಿಯ ಹೆಸರಿದೆ, ಎರಡನೆಯ ತಿಂಗಳ ವಿವರ ತುಂಬುವ ಅಂಕಣವಿದೆ, ತಾಲ್ಲೂಕಿಗೆ ಹಿರಿಯ ಚಿಕಿತ್ಸಾ ಮೇಲ್ವಿಚಾರಕರಿದ್ದಾರೆ. ಅದೇ ಪರದೆಯ ಮೇಲೆ ‘ಸಿ.ಟಿ. ಆಯಿತೆ?’ ಎಂಬ ಇನ್ನೊಂದು ಅಂಕಣ ಸೇರಿಸಿ, ಅದನ್ನು ತುಂಬದೆ ಮುಂದೆ ಹೋಗಲಾಗದಂತೆ ಮಾಡಿ. ಸರ್ಕಾರಿ ಕಚೇರಿಯಲ್ಲಿ ತುಂಬಲೇಬೇಕಾದ ಅಂಕಣಕ್ಕಿರುವ ಬಲ ಭಾಷಣಕ್ಕಿಲ್ಲ. 2024ರ ಡಿಸೆಂಬರಿನಲ್ಲಿ ಶುರುವಾದ ನೂರು ದಿನಗಳ ಟಿ.ಬಿ. ಅಭಿಯಾನದಲ್ಲಿ ಕೈಯಲ್ಲಿ ಹಿಡಿದೊಯ್ಯುವ ಎಕ್ಸ್-ರೇ ಯಂತ್ರಗಳು ಹಳ್ಳಿಗಳಿಗೆ ಹೋದವು. ಚಿತ್ರ ಓದಲು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಬಂದಿವೆ. ಅವುಗಳಲ್ಲಿ ಕೆಲವು ಶ್ವಾಸಕೋಶದ ಗಂಟನ್ನೂ ಗುರುತಿಸಬಲ್ಲವು. ಗುರುತಿಸಿದ್ದನ್ನು ಯಾರಿಗೆ ತಿಳಿಸಬೇಕೆಂದು ಆದೇಶದಲ್ಲಿ ಬರೆದರೆ ಸಾಕು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಶ್ವಾಸಕೋಶದ ಎಲ್ಲ ಕಾಯಿಲೆಗಳನ್ನು ಒಟ್ಟಾಗಿ ನೋಡಬೇಕೆಂಬ ನಿರ್ಣಯ ಅಂಗೀಕರಿಸಿದೆ. ಜಿನೀವಾದ ನಿರ್ಣಯಗಳು ಗುಬ್ಬಿ, ಪಾವಗಡ ತಲುಪುವುದು ಇಂಥ ಅಂಕಣಗಳ ಮೂಲಕವೇ.

ತಂಬಾಕು ನೀತಿಯ ಬಗ್ಗೆ ಎರಡು ಮಾತು, ಹೆಚ್ಚಿಲ್ಲ. ಹದಿನೈದು ದಾಟಿದವರಲ್ಲಿ ತಂಬಾಕು ಬಳಸುವವರು 2009–10ರಲ್ಲಿ ಶೇ 34.6 ಇದ್ದದ್ದು 2016–17ಕ್ಕೆ ಶೇ 28.6ಕ್ಕೆ ಇಳಿಯಿತು, ಅಂದರೆ ಕಾನೂನು ಕೆಲಸ ಮಾಡುತ್ತದೆ. ಪೊಟ್ಟಣದ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ಕೇಂದ್ರದ ನಿಯಮವನ್ನು ನಮ್ಮ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ರದ್ದುಮಾಡಿತು. ಸುಪ್ರೀಂ ಕೋರ್ಟ್ ಮರುತಿಂಗಳೇ ತಡೆ ಕೊಟ್ಟಿದ್ದರಿಂದ ಆ ಚಿತ್ರ ಉಳಿದಿದೆ. ಕರ್ನಾಟಕ ತನ್ನದೇ ತಿದ್ದುಪಡಿ ತಂದು ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು, ಬಿಡಿ ಸಿಗರೇಟು ಮಾರಕೂಡದೆಂದಿತು. ಯಾವುದೇ ಬಸ್ ನಿಲ್ದಾಣದ ಪೆಟ್ಟಿಗೆ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಆ ಕಾನೂನಿನ ಗತಿ ಗೊತ್ತಾಗುತ್ತದೆ. ಇನ್ನೊಂದು ಕಡೆ, ಜಿಎಸ್‌ಟಿ ಮಂಡಳಿ 2025ರ ಸೆಪ್ಟೆಂಬರಿನಲ್ಲಿ ಬೀಡಿಯ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬಡವರ ಹೊಗೆ ಅಗ್ಗವಾಗಿರಲಿ ಎಂಬ ಕರುಣೆ! ಬೀಡಿ ಕಟ್ಟುವ ಹೆಣ್ಣುಮಕ್ಕಳ ಹೆಸರು ಹೇಳಿ ಇದನ್ನು ಸಮರ್ಥಿಸುತ್ತಾರೆ. ತುಮಕೂರಿನವರಾದ ನಿಮಗೆ ನಾನು ಹೇಳಬೇಕೆ, ಸಾವಿರ ಬೀಡಿಯ ಕೂಲಿ ತೆರಿಗೆ ಇಳಿದಾಗೆಲ್ಲ ಏರುತ್ತದೆಯೆ ಎಂದು?

ಪಿರಿಯಾಪಟ್ಟಣ, ಹುಣಸೂರು ಕಡೆಯ ಹೊಗೆಸೊಪ್ಪಿನ ಬೆಳೆಗಾರರನ್ನು ನಾನು ದೂರುವುದಿಲ್ಲ. ಸೊಪ್ಪು ಕೊಳ್ಳಲು ಹರಾಜು ಕಟ್ಟೆ, ಬ್ಯಾರನ್ನಿಗೆ ಪರವಾನಗಿ, ಬೆಳೆಗೊಂದು ಮಂಡಳಿ ಎಲ್ಲವನ್ನೂ ಕೊಟ್ಟದ್ದು ವಾಣಿಜ್ಯ ಸಚಿವಾಲಯ. ಸೇದಬೇಡಿ ಎನ್ನುವುದು ಆರೋಗ್ಯ ಸಚಿವಾಲಯ. ಅಷ್ಟೇ ನೆಚ್ಚಿಕೆಯ ಮಾರುಕಟ್ಟೆಯನ್ನು ಶುಂಠಿಗೋ ಜೋಳಕ್ಕೋ ಕಟ್ಟಿಕೊಡದೆ ಬೆಳೆ ಬದಲಿಸಿ ಎನ್ನುವುದು ಬರೀ ಬಾಯಿಮಾತು.

ಹಣ ಎಲ್ಲಿಗೆ ಹೋಗುತ್ತಿದೆ ನೋಡಿ. 2024ರ ಜುಲೈ ಬಜೆಟ್ಟಿನಲ್ಲಿ ಮೂರು ಕ್ಯಾನ್ಸರ್ ಔಷಧಿಗಳ ಆಮದು ಸುಂಕ ತೆಗೆದರು. ಅವುಗಳಲ್ಲಿ ಒಸಿಮೆರ್ಟಿನಿಬ್ ಮತ್ತು ಡುರ್ವಾಲುಮಾಬ್ ಶ್ವಾಸಕೋಶದ ಕ್ಯಾನ್ಸರಿಗೆ ಬಳಸುವಂಥವು. ಒಳ್ಳೆಯದೇ. ಮರುವರ್ಷದ ಬಜೆಟ್ಟಿನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಯಾನ್ಸರಿನ ಡೇ ಕೇರ್ ಕೇಂದ್ರ ತೆರೆಯುವುದಾಗಿ ಹೇಳಿದರು. ಅದೂ ಒಳ್ಳೆಯದೇ. ಆದರೆ ನಮ್ಮಲ್ಲಿ ಅಡಿನೋಕಾರ್ಸಿನೋಮಾ ಬಂದವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಇರುತ್ತದೆ. ಅಂಥವರಿಗೆ ದೇಶದಲ್ಲೇ ತಯಾರಾಗುವ ಗೆಫಿಟಿನಿಬ್ ಮಾತ್ರೆ ಕೂಡ ತಿಂಗಳುಗಳ, ಕೆಲವರಿಗೆ ವರ್ಷಗಳ ಒಳ್ಳೆಯ ಬದುಕನ್ನು ಕೊಡಬಲ್ಲದು. ಮಾತ್ರೆ ಅಗ್ಗವಾಗಿದೆ, ಅದು ಯಾರಿಗೆ ನಾಟುತ್ತದೆಂದು ಹೇಳುವ ಪರೀಕ್ಷೆ ಜಿಲ್ಲೆಯಲ್ಲಿ ಸಿಗುವುದಿಲ್ಲ. ಬಯಾಪ್ಸಿಯ ತುಣುಕನ್ನು ಸರ್ಕಾರದ ಖರ್ಚಿನಲ್ಲಿ ಬೆಂಗಳೂರಿಗೆ ಕಳಿಸಿ, ವರದಿಯನ್ನು ವಾರದೊಳಗೆ ತರಿಸುವ ಏರ್ಪಾಡು ಸುಂಕ ವಿನಾಯಿತಿಯಷ್ಟು ಸುದ್ದಿಯಾಗಲಾರದು. ನನ್ನ ಕೈಯಲ್ಲಿ ಒಂದೇ ಸಹಿ ಇದ್ದರೆ ಅದನ್ನು ಇದಕ್ಕೇ ಹಾಕುತ್ತೇನೆ.

ಕೊನೆಯ ವಿಷಯ. ನಾಳೆಯೇ ಈ ನಿಯಮ ಜಾರಿಯಾದರೂ ಈಗಾಗಲೇ ನಾಲ್ಕನೆಯ ಹಂತದಲ್ಲಿರುವವರಿಗೆ ಅದರಿಂದ ಉಪಯೋಗವಿಲ್ಲ. ಅವರಿಗೆ ಬೇಕಾದದ್ದು ನೋವಿಲ್ಲದ ರಾತ್ರಿ, ಉಸಿರು ಕಟ್ಟದ ನಿದ್ದೆ. ಅದನ್ನು ಕೊಡುವ ಮಾರ್ಫಿನ್ ಮಾತ್ರೆ ದುಬಾರಿಯಲ್ಲ. ಹಿಂದೆ ಅದನ್ನು ಇಟ್ಟುಕೊಳ್ಳಲು ಹಲವು ಪರವಾನಗಿ ಬೇಕಿತ್ತು. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗೆ ಔಷಧ ನಿಯಂತ್ರಕರ ಒಂದು ಅನುಮತಿ ಸಾಕು. ಅಧಿಕಾರಿಗಳು ಹೆದರುತ್ತಾರೆ, ಲೆಕ್ಕ ತಪ್ಪಿದರೆ ಗತಿಯೇನೆಂದು. ಆ ಹೆದರಿಕೆ ಹೋಗಬೇಕಾದರೆ ಹೊರಗಿನವರು ವಿಚಾರಿಸುತ್ತಿರಬೇಕು. ಇಲ್ಲಿ ಪತ್ರಕರ್ತರಿದ್ದೀರಿ, ಪಂಚಾಯಿತಿ ಸದಸ್ಯರಿದ್ದೀರಿ. ನಿಮ್ಮ ಹತ್ತಿರದ ತಾಲ್ಲೂಕು ಆಸ್ಪತ್ರೆಯ ಔಷಧ ಉಗ್ರಾಣದಲ್ಲಿ ಮಾರ್ಫಿನ್ ಮಾತ್ರೆ ಇದೆಯೆ, ಇಲ್ಲವಾದರೆ ಅರ್ಜಿ ಹಾಕಿದ್ದಾರೆಯೆ, ಹಾಕಿದ್ದರೆ ಅದು ಯಾರ ಮೇಜಿನ ಮೇಲಿದೆ ಎಂದು ಬರುವ ಸೋಮವಾರ ಕೇಳಿನೋಡಿ.